ಫಕೀರವ್ವನ ಹಸರಪ್ಪ

ಒಂದು ಕಾಲದಲ್ಲಿ ಗೋಸುಂಬೆ ಅನ್ನುವುದು ಮಾತು ಬದಲಿಸುವವರನ್ನು ಬಯ್ಯುವ ಪದವಾಗಿತ್ತು. ಕಾರಲಕುಂಟಿಯಲ್ಲಿ ಈಗ ಹಾಗೆ ಬಯ್ದರೆ ಯಾರಿಗೂ ಸಿಟ್ಟು ಬರುವುದಿಲ್ಲ. ಗೋಸುಂಬೆ ಇಲ್ಲದ ಮನೆಯಲ್ಲಿ ಕಣ್ಣು ಮುಚ್ಚುವ ಧೈರ್ಯ ಆ ಊರಲ್ಲಿ ಯಾರಿಗೂ ಇಲ್ಲ. ಹಾಗೆ ಮಲಗಲು ಸರ್ಕಾರದ ಅನುಮತಿಯೂ ಇಲ್ಲ.

ನೀಲಗಂಗಾ ಹಡಪದ ಆ ಗೋಸುಂಬೆಗಳ ಆರೋಗ್ಯ ನೋಡಿಕೊಳ್ಳುವವಳು. ಅವಳು ಪಶುವೈದ್ಯ ಓದಿದ್ದು ಎಮ್ಮೆ, ಎತ್ತುಗಳಿಗೆ ಮದ್ದು ಕೊಡುವ ಆಸೆಯಿಂದ. ಕೈಗೆ ಬಂದದ್ದು ಮಾತ್ರ ಗೇಣುದ್ದದ, ಒಂದೊಂದು ಕಣ್ಣನ್ನು ಒಂದೊಂದು ದಿಕ್ಕಿಗೆ ತಿರುಗಿಸುವ, ಹೆಜ್ಜೆ ಇಡುವ ಮುಂಚೆ ಹತ್ತು ಸಲ ತೂಗಾಡಿ ಯೋಚಿಸುವ ಈ ಪ್ರಾಣಿ. ಹೆಗಲ ಚೀಲದಲ್ಲಿ ನೀರು ಸಿಂಪಡಿಸುವ ಡಬ್ಬಿ, ಮಿಡತೆ ತುಂಬಿದ ಪೆಟ್ಟಿಗೆ, ಸುಣ್ಣದ ಪುಡಿ ಹಾಕಿಕೊಂಡು ಓಣಿ ಓಣಿ ಸುತ್ತುವುದು ಅವಳ ಕೆಲಸ. ಹೇಳಿದ್ದನ್ನೇ ಹೇಳಿ ಹೇಳಿ ಅವಳ ದನಿಯೇ ಒಣಗಿಹೋಗಿತ್ತು. ಗೋಸುಂಬೆ ಬಟ್ಟಲಿನ ನೀರು ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿಯನ್ನೇ ಕುಡಿಯುತ್ತದೆ. ಬಿಸಿಲು ಬೀಳದಿದ್ದರೆ, ಮಿಡತೆಗೆ ಸುಣ್ಣದ ಪುಡಿ ಹಚ್ಚದಿದ್ದರೆ ಅದರ ಕಾಲಿನ ಮೂಳೆ ಸೊಟ್ಟಗಾಗುತ್ತದೆ. ಕಣ್ಣು ಗುಳಿ ಬಿದ್ದರೆ ನೀರು ಸಾಲದಾಗಿದೆ ಎಂದು ತಿಳಿಯಬೇಕು. ಮುದ್ದು ಮಾಡಲು ಕೈಯಲ್ಲಿ ಎತ್ತಿಕೊಳ್ಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಒಂದರ ಕಣ್ಣಿಗೆ ಇನ್ನೊಂದು ಬೀಳಬಾರದು. ಬಿದ್ದರೆ ಎರಡೂ ಹೆದರಿ ಮೈ ಕಪ್ಪು ಮಾಡಿಕೊಂಡು ಅನ್ನನೀರು ಬಿಡುತ್ತವೆ.

ಜನ ಎಲ್ಲಕ್ಕೂ ಹೂಂ ಅನ್ನುತ್ತಿದ್ದರು. ಮುಂದಿನ ವಾರ ಹೋಗಿ ನೋಡಿದರೆ ಒಂದು ಮನೆಯಲ್ಲಿ ಅದರ ನೆತ್ತಿಗೆ ಕುಂಕುಮ, ಇನ್ನೊಂದು ಮನೆಯಲ್ಲಿ ಬಾಯಿಗೆ ಬಾಳೆಹಣ್ಣು, ಮತ್ತೊಂದು ಕಡೆ ದೃಷ್ಟಿಯಾಗದಿರಲೆಂದು ಬಾಲಕ್ಕೆ ಕರಿದಾರ.

ಇಷ್ಟೆಲ್ಲ ಯಾಕೆಂದರೆ, ಊರಾಚೆ ಮುಚ್ಚಿಹೋದ ಕಾರ್ಖಾನೆ ತನ್ನ ವಿಷದ ತೊಟ್ಟಿಗಳನ್ನು ಊರ ನೆಲದಡಿಯೇ ಹೂತಿಟ್ಟು ಹೋಗಿತ್ತು. ತೊಟ್ಟಿಗಳು ಈಗ ಒಂದೊಂದಾಗಿ ಬಿರಿಯುತ್ತಿದ್ದವು. ಅದರ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಯಾವ ಮನೆಯ ನೆಲದ ಬಿರುಕಿನಿಂದ ಯಾವಾಗ ಏಳುತ್ತದೆಂದು ಹೇಳುವಂತಿಲ್ಲ. ಮೊದಲ ಸಲ ಎದ್ದಾಗ ಗಾಣಿಗೇರ ಓಣಿಯಲ್ಲಿ ಮಲಗಿದವರು ಬಹಳ ಮಂದಿ ಮತ್ತೆ ಏಳಲಿಲ್ಲ. ಆಮೇಲೆ ಯಂತ್ರಗಳನ್ನು ಹಾಕಿ ನೋಡಿದರು. ಅವು ಈ ಕಡೆಯ ಧೂಳಿಗೆ ಕೆಟ್ಟು ಕೂತವು, ಇಲ್ಲವೇ ಮೆಣಸಿನಕಾಯಿ ಒಗ್ಗರಣೆಗೂ ಬಾಯಿ ಬಡಿದುಕೊಂಡವು. ಊರನ್ನೇ ಬೇರೆ ಕಡೆ ಸಾಗಿಸುವ ಮಾತೂ ಇತ್ತು. ಅದು ಮಾತಾಗಿಯೇ ಉಳಿಯಿತು.

ಕೊನೆಗೆ ಪ್ರಯೋಗಾಲಯದವರು ಗೋಸುಂಬೆಯನ್ನು ತಂದರು. ಆ ಪ್ರಾಣಿಯ ಚರ್ಮದಡಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳ ಪದರ ಇರುತ್ತದೆ. ಹರಳುಗಳ ನಡುವಿನ ಅಂತರ ಬದಲಾದರೆ ಮೈಬಣ್ಣ ಬದಲಾಗುತ್ತದೆ. ಈ ಅನಿಲ ರಕ್ತದಲ್ಲಿ ಒಂದಿಷ್ಟು ಬೆರೆತರೂ ಹರಳುಗಳು ದೂರ ಸರಿಯುವಂಥ ತಳಿಯನ್ನು ಅವರು ಬೆಳೆಸಿದ್ದರು. ಮನುಷ್ಯನಿಗೆ ತಲೆ ಸುತ್ತುವ ಎಷ್ಟೋ ಮುಂಚೆ ಈ ಗೋಸುಂಬೆಯ ಗಂಟಲು ಸುಣ್ಣದಂತೆ ಬೆಳ್ಳಗಾಗುತ್ತಿತ್ತು. ಪ್ರತಿ ಮನೆಯಲ್ಲಿ ಅದರ ಎದುರು ಒಂದು ಕ್ಯಾಮೆರಾ, ಊರಾಚೆ ಒಂದು ನಿಯಂತ್ರಣ ಕೊಠಡಿ. ಗಂಟಲು ಬೆಳ್ಳಗಾದರೆ ಸೈರನ್. ಸೈರನ್ ಆದರೆ ಎಲ್ಲರೂ ಬಯಲಿಗೆ ಓಡಬೇಕು.

ಆದರೆ ಪ್ರಾಣಿ ಆರೋಗ್ಯವಾಗಿರಬೇಕು. ಹೆದರಿದಾಗ, ಕಾಯಿಲೆ ಬಿದ್ದಾಗ ಅದರ ಕಪ್ಪು ಬಣ್ಣ ಪರದೆಯ ಹಾಗೆ ಹರಳುಗಳ ಮೇಲೆ ಹರಡಿಕೊಳ್ಳುತ್ತದೆ. ಆಗ ವಿಷ ಬಂದರೂ ಬಿಳುಪು ಹೊರಗೆ ಕಾಣುವುದಿಲ್ಲ. ಅಂಥ ಗೋಸುಂಬೆ ಇರುವ ಮನೆಯನ್ನು ನಿಯಂತ್ರಣ ಕೊಠಡಿಯವರು ಕುರುಡು ಮನೆ ಅನ್ನುತ್ತಿದ್ದರು.

ಇನ್ನೊಂದು ನಿಯಮವೂ ಇತ್ತು, ನೀಲಗಂಗಾಳ ನಿದ್ದೆ ಕೆಡಿಸಿದ್ದು ಅದೇ. ಸೈರನ್ ಆದಾಗ ಪ್ರಾಣಿಯನ್ನು ಇದ್ದಲ್ಲೇ ಬಿಟ್ಟು ಬರಬೇಕು. ಅನಿಲ ಎತ್ತ ಹರಡಿತು, ಯಾವಾಗ ಇಳಿಯಿತು ಅನ್ನುವುದನ್ನು ಅದರ ಮೈ ನೋಡಿಯೇ ತಿಳಿಯಬೇಕು. ಹಿಂದಿನ ಬೇಸಿಗೆಯಲ್ಲಿ ಸೈರನ್ ಆದಮೇಲೆ ಸತ್ತ ಗೋಸುಂಬೆಗಳನ್ನು ಮನೆ ಮನೆಯಿಂದ ಆರಿಸಿ ತಂದವಳು ಅವಳೇ. ಎಲ್ಲವೂ ದಷ್ಟಪುಷ್ಟವಾಗಿದ್ದವು, ಮೂಳೆ ನೆಟ್ಟಗಿದ್ದವು. ಅಷ್ಟು ಚೆನ್ನಾಗಿ ಸಾಕಿದ್ದು ಇದಕ್ಕೇ ಏನು ಅನ್ನಿಸಿತ್ತು ಅವಳಿಗೆ. ಆ ಪ್ರಶ್ನೆ ಈಗ ದಣಿವಾಗಿ ಮೈಯಲ್ಲಿ ಉಳಿದುಕೊಂಡಿತ್ತು.

"ಬಾಯಾರ, ಫಕೀರವ್ವನ ಮನಿ ಮತ್ತ ಕುರುಡ ಆಗೇತಿ," ಅಂದ ನಿಯಂತ್ರಣ ಕೊಠಡಿಯ ಖಾಜಾಸಾಬ್ ನದಾಫ್. ಅವನ ಕಣ್ಣುಗಳು ಪರದೆ ನೋಡಿ ನೋಡಿ ಕೆಂಪಾಗಿದ್ದವು.

ಪರದೆಯ ಮೂಲೆಯ ಚೌಕದಲ್ಲಿ ಒಂದು ಗೋಸುಂಬೆ ಸುಟ್ಟ ಕಡ್ಡಿಯಂತೆ ಕೊಂಬೆಗೆ ಅಂಟಿಕೊಂಡಿತ್ತು.

"ಸೋಮವಾರ ನಾನ ನೋಡಿ ಬಂದೀನಲ್ಲ, ನದಾಫರ. ಎಳೀ ಹಸರು ಇತ್ತು. ನನ್ನ ಎದುರಿಗೇನ ಮಿಡತಿ ತಿಂತು."

"ಸೋಮವಾರ ಒಂದ ದಿನ ಹಸರು. ಉಳಿದ ದಿನ ಹಿಂಗ. ಕ್ಯಾಮೆರಾ ಬದಲಿ ಮಾಡಿಸಿ ನೋಡಿದೆ, ಅದೂ ಹಿಂಗ ತೋರಸ್ತೈತಿ." ಅವನು ಕುರ್ಚಿಗೆ ಒರಗಿದ. "ನಿಯಮ ನಿಮಗ ಗೊತ್ತೈತಿ. ತಿಂಗಳ ಕಡೀಗೆ ಹಿಂಗ ಇದ್ರ ಮನೀಗೆ ಕೀಲಿ ಹಾಕಬೇಕು. ಆಕೀನ ಶೆಡ್ಡಿಗೆ ಕಳಸಬೇಕು. ನನಗೂ ಮನಸಿಲ್ಲ. ಆದ್ರ ಕುರುಡ ಮನ್ಯಾಗ ಆಕಿ ಸತ್ರ ಆ ಪಾಪ ಹೊರಾಕ ನನ್ನಿಂದ ಆಗೂದಿಲ್ಲ."

ಶೆಡ್ಡು ಅಂದರೆ ಊರಾಚೆಯ ತಗಡಿನ ಗೂಡುಗಳು. ಅಲ್ಲಿ ಒಂದು ಚಾಪೆ, ಒಂದು ಟ್ರಂಕು ಹಿಡಿದರೆ ಹೆಚ್ಚು. ಹೋದವರು ಯಾರೂ ಅಲ್ಲಿಂದ ತಿರುಗಿ ಬಂದಿರಲಿಲ್ಲ. ಬಿಟ್ಟ ಮನೆಗಳು ಮತ್ತೆ ತೆರೆಯಲಿಲ್ಲ.

ಮುಂದಿನ ಸೋಮವಾರ ನೀಲಗಂಗಾ ಹೋದಾಗ ಫಕೀರವ್ವ ಅಂಗಳದಲ್ಲಿ ಪಾತ್ರೆಗಳ ರಾಶಿಯ ನಡುವೆ ಕೂತಿದ್ದಳು. ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ತಂಬಿಗೆ, ಚರಿಗೆ, ಪರಾತ. ಪ್ರತಿ ಸೋಮವಾರ ಅವನ್ನೆಲ್ಲ ಇಳಿಸಿ, ಹುಣಸೆಹಣ್ಣು ಬೂದಿ ಹಚ್ಚಿ ಬಂಗಾರದಂತೆ ಬೆಳಗುವುದು ಅವಳ ಪದ್ಧತಿ. ಉಳಿದ ದಿನಗಳಲ್ಲಿ ರೊಟ್ಟಿ ಬಡಿದು ಮಾರುತ್ತಿದ್ದಳು. ಗಟ್ಟಿ ಹೆಂಗಸು, ಐವತ್ತು ದಾಟಿದ್ದರೂ ಅವಳ ರೊಟ್ಟಿ ಬಡಿಯುವ ಸದ್ದು ಮುಂದಿನ ಓಣಿಗೆ ಕೇಳಿಸುತ್ತಿತ್ತು.

"ಬರ್ರಿ ಬಾಯಾರ. ನಮ್ಮ ಹಸರಪ್ಪಗ ನೀವು ಬರೂದು ಹೆಂಗ ಗೊತ್ತಾಗತೈತೋ ಏನೋ. ಸೋಮವಾರ ಬಂತಂದ್ರ ಗಬಗಬ ತಿಂತೈತಿ. ಉಳಿದ ದಿನ ನಾ ಕೊಟ್ರ ಮಾರಿ ತಿರುವತೈತಿ."

ಒಳಗೆ ಕಿಟಕಿಯ ಬಿಸಿಲಿನಲ್ಲಿ, ಜಾಲರಿಯ ಗೂಡಿನೊಳಗೆ ಹಸರಪ್ಪ ಹಾಯಾಗಿ ಬಾಲ ಸುತ್ತಿಕೊಂಡು ಕೂತಿತ್ತು. ನೀಲಗಂಗಾ ಕಣ್ಣು ನೋಡಿದಳು, ಬಾಯಿ ಬಿಡಿಸಿ ನೋಡಿದಳು, ಕಾಲಿನ ಮೂಳೆ ಸವರಿದಳು. ಹೋದ ತಿಂಗಳಿಗಿಂತ ಸೊರಗಿತ್ತು, ಅಷ್ಟೇ. ದೀಪ ಸರಿಯಿತ್ತು, ಗಿಡ ಸರಿಯಿತ್ತು, ಎಲೆಗಳ ಮೇಲೆ ನೀರಿನ ಹನಿಗಳಿದ್ದವು. ಇಡೀ ಊರಲ್ಲಿ ಹೇಳಿದ ಮಾತನ್ನು ಹೇಳಿದಂತೆ ನಡೆಸುತ್ತಿದ್ದವಳು ಫಕೀರವ್ವ ಒಬ್ಬಳೇ. ರೊಟ್ಟಿ ಹಿಟ್ಟಿನ ಧೂಳು ತಾಗುತ್ತಿರಬಹುದೆಂದು ಹಿಂದಿನ ವಾರ ಒಲೆಗೂ ಗೂಡಿಗೂ ನಡುವೆ ಪರದೆ ಕಟ್ಟಿಸಿದ್ದಾಗಿತ್ತು. ಹೊಟ್ಟೆಯ ಹುಳುವಿಗೆಂದು ಹಿಕ್ಕೆಯನ್ನು ಪರೀಕ್ಷೆಗೆ ಕಳಿಸಿಯೂ ಆಗಿತ್ತು. ಏನೂ ಸಿಕ್ಕಿರಲಿಲ್ಲ.

"ಅಕ್ಕಾರ, ತಿಂಗಳ ಕಡೀಗೆ ಇದು ದಿನಾ ಹಿಂಗ ಹಸರ ಉಳೀಲಿಲ್ಲಂದ್ರ ಮನಿ ಬಿಡಿಸ್ತಾರ," ಅಂದಳು.

ಫಕೀರವ್ವ ಬೆಳಗುತ್ತಿದ್ದ ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅದರ ಕತ್ತಿನಲ್ಲಿ 'ಕಸ್ತೂರಿ' ಎಂದು ಹೆಸರು ಕೆತ್ತಿತ್ತು. ಆ ರಾಶಿಯ ಎಲ್ಲ ಪಾತ್ರೆಗಳ ಮೇಲೂ ಅದೇ ಹೆಸರು. ಮಗಳ ಮದುವೆಗೆಂದು ವರ್ಷಕ್ಕೆ ಒಂದೆರಡು ಕೊಂಡು ಕೂಡಿಸಿಟ್ಟ ಬಳುವಳಿ. ಲಗ್ನ ಗೊತ್ತಾಗಿತ್ತು. ಮೊದಲ ಸಲ ಅನಿಲ ಎದ್ದ ರಾತ್ರಿ ಕಸ್ತೂರಿ ಗಾಣಿಗೇರ ಓಣಿಯಲ್ಲಿ ಗೆಳತಿಯ ಮನೆಗೆ ಮಲಗಲು ಹೋಗಿದ್ದಳು.

"ಶೆಡ್ಡಿನ್ಯಾಗ ಇವನ್ನ ಎಲ್ಲಿ ಇಡ್ಲಿ ನಾನು?" ಅಂದಳು ಫಕೀರವ್ವ. ಮತ್ತೆ ಬೂದಿಗೆ ಕೈ ಹಾಕಿದಳು.

ವಾರವೆಲ್ಲ ಪರದೆಯ ಚೌಕದಲ್ಲಿ ಆ ಸುಟ್ಟ ಕಡ್ಡಿ ಹಾಗೇ ಇತ್ತು. ನೀಲಗಂಗಾಳಿಗೆ ತಲೆ ಚಿಟ್ಟು ಹಿಡಿಯಿತು. ಪ್ರಯೋಗಾಲಯಕ್ಕೆ ಫೋನ್ ಮಾಡಿದರೆ ಅವರು ತಳಿಯಲ್ಲಿ ದೋಷವಿಲ್ಲವೆಂದರು, ಪ್ರಾಣಿಯನ್ನು ಬದಲಿಸಿ ನೋಡಿ ಎಂದರು. ಬದಲಿ ಪ್ರಾಣಿ ಬರಲು ಮಳೆಗಾಲ ಆಗಬೇಕಿತ್ತು. ತಿಂಗಳ ಕೊನೆಯ ಶನಿವಾರ ನದಾಫ್ ಕೀಲಿಕೈ ಗೊಂಚಲನ್ನು ಅವಳ ಮುಂದಿಟ್ಟ. ಫಕೀರವ್ವನಿಗೆ ಗಂಟು ಕಟ್ಟಲು ಹೇಳಿ ಬರುವ ಕೆಲಸ ಅವಳ ಪಾಲಿಗೆ ಬಂತು.

ಸೋಮವಾರ ಬಿಟ್ಟು ಬೇರೆ ದಿನ ಅವಳು ಆ ಮನೆಗೆ ಹೋದದ್ದು ಅದೇ ಮೊದಲು. ಆ ಓಣಿಯ ಸರದಿ ಯಾವಾಗಲೂ ಸೋಮವಾರವೇ ಇರುತ್ತಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿತ್ತು. ಹಸರಪ್ಪ ಇದ್ದಿಲಿನಂತೆ ಕಪ್ಪಾಗಿ, ಮೈಯನ್ನು ಚಪ್ಪಟೆ ಮಾಡಿಕೊಂಡು, ಬಾಯಿ ಅರ್ಧ ತೆರೆದು ಎದುರಿನ ಗೋಡೆಯನ್ನೇ ನೋಡುತ್ತಿತ್ತು. ಯಾರೋ ಹೊಡೆಯಲು ಬಂದಾಗ ನಿಲ್ಲುವ ನಿಲುವು ಅದು. ನೀಲಗಂಗಾ ಅದರ ಕಣ್ಣು ಹೋದ ಕಡೆ ತಿರುಗಿದಳು.

ಗೋಡೆಯ ಉದ್ದಕ್ಕೂ ನಾಗಂದಿಗೆ ಹಲಗೆ. ಅದರ ಮೇಲೆ ಕಸ್ತೂರಿಯ ಪಾತ್ರೆಗಳು ಸಾಲಾಗಿ, ಒಂದರ ಮೇಲೊಂದು, ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವು. ಒಂದೊಂದು ಕೊಡದ ಹೊಟ್ಟೆಯಲ್ಲೂ ಬಿಸಿಲಿನ ಕಿಟಕಿ, ಕಿಟಕಿಯಲ್ಲಿ ಗೂಡು, ಗೂಡಿನಲ್ಲಿ ಉಬ್ಬಿ ದೊಡ್ಡದಾಗಿ ಕಾಣುವ ಒಂದು ಗೋಸುಂಬೆ. ಪಾತ್ರೆಗಳ ನಡುವೆಯೇ ಕ್ಯಾಮೆರಾ ಕೂಡಿಸಿದ್ದರು, ಎತ್ತರಕ್ಕೆ ಬೇರೆ ಜಾಗವಿಲ್ಲವೆಂದು. ಹಾಗಾಗಿ ಪರದೆಯಲ್ಲಿ ಪ್ರಾಣಿ ಕಂಡಿತ್ತು, ಪ್ರಾಣಿಗೆ ಏನು ಕಾಣುತ್ತಿದೆ ಅನ್ನುವುದು ಕಂಡಿರಲಿಲ್ಲ. ಸೋಮವಾರ ಬೆಳಿಗ್ಗೆ ಪಾತ್ರೆಗಳೆಲ್ಲ ಅಂಗಳಕ್ಕೆ ಇಳಿಯುತ್ತಿದ್ದವು. ಅದೊಂದು ಹೊತ್ತು ಹಸರಪ್ಪನ ಎದುರು ಶತ್ರುಗಳಿರುತ್ತಿರಲಿಲ್ಲ.

ನೀಲಗಂಗಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ತಿಂಗಳುಗಟ್ಟಲೆ ತನ್ನನ್ನು ಸತಾಯಿಸಿದ್ದು ಇಷ್ಟೇ ಎಂದು ತಿಳಿದಾಗ ಅವಳಿಗೆ ನಗು ಬರಲಿಲ್ಲ. ಈ ಮಾತನ್ನು ಈ ಹೆಂಗಸಿಗೆ ಹೇಗೆ ಹೇಳುವುದು ಅನ್ನುವುದೇ ದೊಡ್ಡದಾಯಿತು.

"ಅಕ್ಕಾರ, ಈ ಪಾತ್ರಿ ಬೇರೆ ಕಡೆ ಇಡಾಕ ಬರೂದಿಲ್ಲೇನು?"

"ಇರೂದು ಒಂದು ಖೋಲಿ, ಒಂದು ಕಿಡಕಿ. ಎಲ್ಲಿ ಇಡ್ಲಿ? ಯಾಕ್ರಿ?"

ಅವಳು ಯಾಕೆಂದು ಹೇಳಿದಳು. ಫಕೀರವ್ವ ಗೂಡಿನ ಪಕ್ಕ ಬಗ್ಗಿ, ಹಸರಪ್ಪನ ಕಣ್ಣಿನ ಮಟ್ಟದಿಂದ ನಾಗಂದಿಗೆಯನ್ನು ನೋಡಿದಳು.

"ಒಂದು ಧೋತರ ಹೊಚ್ಚಿ ಬಿಡೋಣೇನು?" ಅಂದಳು ನೀಲಗಂಗಾ.

"ಬ್ಯಾಡ್ರಿ. ಅರಬಿ ಹೊಚ್ಚೂದು ಒಂದ ಸಲ ಸಾಕು." ಫಕೀರವ್ವನ ದನಿ ಗಟ್ಟಿಯಾಗಿಯೇ ಇತ್ತು, ಕೈ ಮಾತ್ರ ಸೆರಗನ್ನು ಹಿಂಡುತ್ತಿತ್ತು. "ಆಕೀ ಮಾರಿ ಮ್ಯಾಲೆ ಅರಬಿ ಹೊಚ್ಚಿದ್ರಲ್ಲ, ಮತ್ತ ತಗದು ತೋರಸಲಿಲ್ಲ ನನಗ. ದಿನಾ ಇವನ್ನ ನೋಡ್ತೀನಿ. ಬೆಳಗಿ ಇಟ್ರ ನಾಳೆ ಲಗ್ನ ಅನ್ನುವಂಗ ಕಾಣತಾವ."

ನೀಲಗಂಗಾಳ ಬಳಿ ಬೇರೆ ಉಪಾಯವಿರಲಿಲ್ಲ. ಕೀಲಿಕೈ ಗೊಂಚಲು ಚೀಲದಲ್ಲಿ ಭಾರವಾಗಿತ್ತು.

ಫಕೀರವ್ವ ಎದ್ದು ರೊಟ್ಟಿಗೆಂದು ಕಲಸಿಟ್ಟಿದ್ದ ಜೋಳದ ಹಿಟ್ಟಿಗೆ ಇನ್ನಷ್ಟು ನೀರು ಸುರಿದಳು. ತೆಳ್ಳಗೆ ಕದಡಿ, ಹಿಟ್ಟಿನ ಅಗಲ ಪರಾತವನ್ನು ನಾಗಂದಿಗೆಯ ಕೆಳಗೆ ತಂದಿಟ್ಟಳು.

"ಸ್ಟೂಲ್ ಹಿಡೀರಿ, ಬಾಯಾರ."

ಸ್ಟೂಲ್ ಹತ್ತಿ, ಹಿಟ್ಟಿನಲ್ಲಿ ಅಂಗೈ ಅದ್ದಿ ಮೊದಲ ಕೊಡಕ್ಕೆ ಬಳಿದಳು. ಹೊಳಪು ಮಂಕಾಯಿತು. ಎರಡನೆಯದಕ್ಕೆ ಬಳಿದಳು. ಹಂಡೆಗೆ, ತಂಬಿಗೆಗೆ, ಚರಿಗೆಗೆ. ಹೆಸರು ಕೆತ್ತಿದ ಜಾಗ ಬಂದಾಗ ಮಾತ್ರ ಬೆರಳು ಸುತ್ತಿ ಹೋಗುತ್ತಿತ್ತು, ಅಕ್ಷರಗಳನ್ನು ಬಿಟ್ಟು ಸುತ್ತಲೂ ಬಳಿಯುತ್ತಿದ್ದಳು. ನೀಲಗಂಗಾ ಸ್ಟೂಲಿನ ಕಾಲು ಗಟ್ಟಿಯಾಗಿ ಹಿಡಿದುಕೊಂಡು ತಲೆ ತಗ್ಗಿಸಿದಳು. ಕಣ್ಣೀರು ಬಂದದ್ದು ಅವಳಿಗೇ. ಫಕೀರವ್ವ ಅಳಲಿಲ್ಲ.

ಸಂಜೆಯ ಹೊತ್ತಿಗೆ ಹಿಟ್ಟು ಒಣಗಿ ಪಾತ್ರೆಗಳೆಲ್ಲ ಮಣ್ಣಿನ ಗಡಿಗೆಗಳಂತಾದವು. ಹಸರಪ್ಪನ ಬೆನ್ನಿನ ಮೇಲೆ ಮೊದಲು ಒಂದು ಹಸಿರು ಮಚ್ಚೆ ಮೂಡಿತು. ಅದು ಬಾಯಿ ಮುಚ್ಚಿತು, ಒಂದು ಕಣ್ಣು ಕಿಟಕಿಗೆ, ಒಂದು ಕಣ್ಣು ಫಕೀರವ್ವನ ಕಡೆಗೆ ತಿರುಗಿಸಿತು. ನೀಲಗಂಗಾ ಕೊಟ್ಟ ಮಿಡತೆಯನ್ನು ನಾಲಗೆ ಚಾಚಿ ಎಳೆದುಕೊಂಡಿತು.

"ಇನ್ನ ಮ್ಯಾಲೆ ಸೋಮವಾರ ನನಗ ಏನೂ ಕೆಲಸಿಲ್ಲ," ಅಂದಳು ಫಕೀರವ್ವ.

ಮನೆ ಕುರುಡು ಮನೆಗಳ ಸಾಲಿನಿಂದ ಹೊರಬಂತು. ನದಾಫ್ ಕೀಲಿಕೈಗಳನ್ನು ಮೊಳೆಗೆ ನೇತುಹಾಕಿದ. ಬೇಸಿಗೆ ಏರಿತು, ನೆಲ ಬಿರಿಯತೊಡಗಿತು.

ಬಿಸಿಗಾಳಿ ಬೀಸುತ್ತಿದ್ದ ಒಂದು ಮಧ್ಯಾಹ್ನ ನೀಲಗಂಗಾ ನಿಯಂತ್ರಣ ಕೊಠಡಿಯಲ್ಲಿ ಮಿಡತೆಗಳ ಪೆಟ್ಟಿಗೆ ತೊಳೆಯುತ್ತಿದ್ದಳು. "ಬಾಯಾರ, ಇತ್ತ ಬರ್ರಿ," ಅಂದ ನದಾಫ್, ಬಹಳ ಮೆಲ್ಲಗೆ. ಚೌಕದಲ್ಲಿ ಹಸರಪ್ಪನ ಗಂಟಲು ಬೆಳ್ಳಗಾಗಿತ್ತು. ನೋಡುತ್ತಿದ್ದಂತೆ ಬಿಳುಪು ಎದೆಗಿಳಿಯಿತು. ಅಕ್ಕಪಕ್ಕದ ಯಾವ ಮನೆಯಲ್ಲೂ ಇನ್ನೂ ಏನೂ ಇರಲಿಲ್ಲ. ಆ ಓಣಿಯ ಕೆಳಗಿನ ತೊಟ್ಟಿ ಫಕೀರವ್ವನ ಮನೆಯ ನೆಲದಡಿಯೇ ಬಿರಿದಿತ್ತು. ಹಸರಪ್ಪ ಮೊದಲಿನ ಹಾಗೆ ಕಪ್ಪಾಗಿ ಕೂತಿದ್ದರೆ ಇಡೀ ಓಣಿ ಊಟ ಮಾಡಿ ಮಲಗಿದ್ದಲ್ಲೇ ಮುಗಿಯುತ್ತಿತ್ತು.

ನದಾಫ್ ಸೈರನ್ ಒತ್ತಿದ. ಮುದ್ರಿಸಿಟ್ಟ ದನಿ ಊರ ತುಂಬ ಕೂಗತೊಡಗಿತು. 'ಎಲ್ಲರೂ ಬಯಲಿಗೆ ಹೊರಡಿ. ಪ್ರಾಣಿಯನ್ನು ಮುಟ್ಟಬೇಡಿ. ಇದ್ದಲ್ಲೇ ಬಿಟ್ಟು ಹೊರಡಿ.'

ಚೌಕದಲ್ಲಿ ಹಿಟ್ಟು ಮೆತ್ತಿದ ಒಂದು ಕೈ ಬಂತು. ಗೂಡಿನ ಬಾಗಿಲು ತೆರೆಯಿತು. ಕೊಂಬೆಯ ಸಮೇತ ಹಸರಪ್ಪ ಮಾಯವಾಯಿತು. ಖಾಲಿ ಗೂಡು, ಕಿಟಕಿ, ಬಿಸಿಲು ಉಳಿದವು.

"ಏ, ಈಕಿ ತಗೊಂಡ ಹ್ವಾದ್ಲಲ್ಲ," ಅಂದ ನದಾಫ್. "ಗಾಳಿ ಯಾವಾಗ ಇಳೀತು ಅಂತ ಈಗ ಹೆಂಗ ತಿಳೀಬೇಕು? ಬಾಯಾರ, ನೀವು ಹೇಳ್ರಿ ಆಕೀಗೆ."

ನೀಲಗಂಗಾ ಖಾಲಿ ಗೂಡನ್ನು ನೋಡುತ್ತ ನಿಂತಳು. ಹೋದ ಬೇಸಿಗೆಯ ದಷ್ಟಪುಷ್ಟ ಹೆಣಗಳು ನೆನಪಾದವು. ಸ್ಟೂಲಿನ ಮೇಲೆ ನಿಂತು ಅಕ್ಷರಗಳನ್ನು ಬಿಟ್ಟು ಬಳಿಯುತ್ತಿದ್ದ ಬೆರಳು ನೆನಪಾಯಿತು. ಅವಳಿಗೆ ಸಾಕಾಗಿತ್ತು, ಎಷ್ಟು ಸಾಕಾಗಿತ್ತೆಂದರೆ ಹೆದರಲೂ ಶಕ್ತಿಯಿರಲಿಲ್ಲ. ಕೈ ಚಾಚಿ ಮುದ್ರಿತ ದನಿಯನ್ನು ನಿಲ್ಲಿಸಿ ಮೈಕು ಎಳೆದುಕೊಂಡಳು.

"ನಾನು ನೀಲಗಂಗಾ ಮಾತಾಡಾಕತ್ತೀನಿ. ಗೋಸುಂಬಿ ಕೈಗೆ ಹತ್ತೂವಂಗ ಇದ್ರ ಕೊಂಬಿ ಸಮೇತ ಎತಗೊಂಡ ಬರ್ರಿ. ಕೈಗೆ ಹತ್ತಲಿಲ್ಲಂದ್ರ ನಿಂದ್ರಬ್ಯಾಡ್ರಿ, ಹೊಂಡ್ರಿ. ಲಗೂನ ಹೊಂಡ್ರಿ."

ನದಾಫ್ ಎರಡು ಕೈಗಳಿಂದ ತಲೆ ಹಿಡಿದುಕೊಂಡ. ಪರದೆಯ ಚೌಕಗಳು ಒಂದೊಂದಾಗಿ ಖಾಲಿಯಾದವು.

"ಎಲ್ಲಾ ಕುರುಡ ಆದ್ವು, ಬಾಯಾರ," ಅಂದ. ಆಮೇಲೆ ಎದ್ದು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಅಳೆಯುವ ಯಂತ್ರವನ್ನು ಒರೆಸತೊಡಗಿದ. "ಮುಖವಾಡ ಹಾಕ್ಕೊಂಡು ಇದನ್ನ ಹೊತಗೊಂಡು ಮನಿ ಮನಿ ತಿರುಗಬೇಕು ಇನ್ನ. ಎಷ್ಟು ದಿನ ಹಿಡೀತೈತೋ. ಅಲ್ಲೀತನ ಮಂದಿ ಶೆಡ್ಡಿನ್ಯಾಗ ನಿಮ್ಮನ್ನ ಬೈಕೋತ ಮಲಗ್ತಾರ."

"ಬೈಲಿ," ಅಂದಳು ನೀಲಗಂಗಾ. "ನಾನೂ ಬರ್ತೀನಿ ನಿಮ್ಮ ಕೂಡ. ಮೊದಲು ಬಯಲಿಗೆ ಹೋಗಿ ಬರ್ತೀನಿ."

ಬಯಲಿನಲ್ಲಿ ಜನ ಜಗಳವಾಡಿದವರಂತೆ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ನಿಂತಿದ್ದರು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ಹತ್ತಿರ ಹೋದಾಗ ಕಂಡಿತು. ಪ್ರತಿಯೊಬ್ಬರ ಕೈಯಲ್ಲೂ ಒಂದು ಕೊಂಬೆ, ಕೊಂಬೆಗೆ ಸೆರಗೋ ಟವೆಲ್ಲೋ ಮರೆ. ತಮ್ಮ ಗೋಸುಂಬೆಯ ಕಣ್ಣಿಗೆ ಪಕ್ಕದವರದ್ದು ಬೀಳದಂತೆ ಇಡೀ ಊರು ಬೆನ್ನು ಮಾಡಿ ನಿಂತಿತ್ತು. ಬಾಳೆಹಣ್ಣು ತಿನ್ನಿಸಿದವರು, ಕುಂಕುಮ ಹಚ್ಚಿದವರು, ಕರಿದಾರ ಕಟ್ಟಿದವರು, ಎಲ್ಲರೂ. ಗೋಡೆಗೆ ಹೇಳಿದಂತೆ ಹೇಳುತ್ತಿದ್ದೇನೆಂದು ಅವಳು ಇಷ್ಟು ವರ್ಷ ಅಂದುಕೊಂಡಿದ್ದಳು.

ಬೇವಿನ ಮರದ ಬುಡದಲ್ಲಿ ಫಕೀರವ್ವ ಕೂತಿದ್ದಳು. ಪಾತ್ರೆಗಳಲ್ಲಿ ಒಂದನ್ನೂ ತಂದಿರಲಿಲ್ಲ. ಹಸರಪ್ಪನ ಗಂಟಲು ಇನ್ನೂ ಬೆಳ್ಳಗಿತ್ತು, ಕಣ್ಣು ಅರ್ಧ ಮುಚ್ಚಿತ್ತು, ಕಾಲು ಮಾತ್ರ ಕೊಂಬೆಯನ್ನು ಗಟ್ಟಿಯಾಗಿ ಹಿಡಿದಿತ್ತು.

"ಬಿಟ್ಟ ಬರಬೇಕಿತ್ತೇನ್ರಿ?" ಅಂದಳು ಫಕೀರವ್ವ, ತಲೆಯೆತ್ತದೆ. "ನಾ ಕಸ್ತೂರಿ ಕೊಡಕ್ಕ ಹಿಟ್ಟು ಬಡದದ್ದು ಇದನ್ನ ಬಿಟ್ಟು ಓಡಿ ಬರಾಕಲ್ಲ."

ನೀಲಗಂಗಾ ಪಕ್ಕದಲ್ಲಿ ಕೂತು ಎಲೆಗಳ ಮೇಲೆ ಮೆಲ್ಲಗೆ ನೀರು ಸಿಂಪಡಿಸಿದಳು. ಇಬ್ಬರೂ ಕಾದರು. ಎಷ್ಟೋ ಹೊತ್ತಿನ ಮೇಲೆ ಹಸರಪ್ಪ ತಲೆ ಮುಂದೆ ಚಾಚಿ, ಹತ್ತು ಸಲ ತೂಗಾಡಿ, ಎಲೆಯ ತುದಿಯ ಒಂದು ಹನಿಯನ್ನು ಕುಡಿಯಿತು. ಫಕೀರವ್ವನ ಉಸಿರು ಆಗ ಹೊರಬಂತು. ಹಿಟ್ಟು ಮೆತ್ತಿದ ಕೈಯಿಂದಲೇ ಕಣ್ಣು ಒರೆಸಿಕೊಂಡಳು.

ನೀಲಗಂಗಾ ನೆಲಕ್ಕೆ ಕೈಯೂರಿ ಎದ್ದಳು. ಡಬ್ಬಿಗೆ ಮತ್ತೆ ನೀರು ತುಂಬಿಕೊಂಡು, ಬೆನ್ನು ತಿರುಗಿಸಿ ನಿಂತಿದ್ದ ಮುಂದಿನವರ ಕಡೆ ನಡೆದಳು.